ಕಾನೂನನ್ನು ಕನ್ನಡದಲ್ಲಿ ಬರೆಯುವ ಕೆಲಸ: ಕಾಸರಗೋಡಿನವ್ರು ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಪೇಪರಿಗೆ ಕಾನೂನಿನ ಬಗ್ಗೆ ವಾರದ ಕಾಲಂ ಬರೀತೇನೆ, ಕರೆದಲ್ಲಿಗೆ ಹೋಗಿ ಕಾನೂನು ಕ್ಲಾಸ್ ತಗೊಳ್ತೇನೆ, ಮದುವೆ ಮನೆಯಲ್ಲಿ ಊಟಕ್ಕೆ ಕೂತ್ರೂ ಪಕ್ಕದವ್ರು ಚೆಕ್ ಬೌನ್ಸ್ ಬಗ್ಗೆ ಕೇಳ್ತಾರೆ. ಕೆಲವು ಪ್ರಶ್ನೆ ನನ್ನ ಕೆಲಸದ ಬಗ್ಗೆ, ಕೆಲವು ಅವರವರ ಜಾಗೆ, ಬೈಕು, ಪಾಲಿನ ಬಗ್ಗೆ. ಕೇಳುವವ್ರು ಎರಡನ್ನೂ ಬೇರೆ ಮಾಡಿ ಕೇಳುದಿಲ್ಲ, ಹಾಗಾಗಿ ನಾನೂ ಇಲ್ಲಿ ಬೇರೆ ಮಾಡ್ಲಿಕ್ಕೆ ಹೋಗಿಲ್ಲ.

ಅಕ್ಕ, ನೀವು ವಕೀಲರಾ ಅಥವಾ ಪತ್ರಕರ್ತರಾ?

ಓದಿದ್ದು ಎಲ್‌ಎಲ್‌ಬಿ, ಮಂಗಳೂರಿನಲ್ಲಿ. ಆಮೇಲೆ ಕೆಲವು ವರ್ಷ ಕಾಸರಗೋಡು ವಿದ್ಯಾನಗರದ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಹತ್ರ ಜೂನಿಯರ್ ಆಗಿದ್ದೆ. ಈಗ ವಕೀಲಿಕೆಯ ಸನ್ನದು ಸಸ್ಪೆಂಡ್ ಮಾಡಿಸಿ ಬರವಣಿಗೆ ಮಾತ್ರ ಮಾಡ್ತಿದ್ದೇನೆ. "ಸಸ್ಪೆಂಡ್" ಅಂದ ಕೂಡ್ಲೇ ಎಂತದೋ ತಪ್ಪು ಮಾಡಿದ್ದೇನೆ ಅಂತ ಗ್ರಹಿಸ್ಬೇಡಿ ಮಾರ್ರೆ, ಬೇರೆ ಪೂರ್ಣಾವಧಿ ಕೆಲಸಕ್ಕೆ ಹೋಗುವ ವಕೀಲರು ಬಾರ್ ಕೌನ್ಸಿಲಿಗೆ ತಿಳಿಸಿ ಪ್ರ್ಯಾಕ್ಟೀಸ್ ನಿಲ್ಲಿಸ್ಬೇಕು ಅಂತ ನಿಯಮವೇ ಉಂಟು.

ವಕೀಲರಾಗಿ ಇದ್ದುಕೊಂಡೇ ಬರೀಲಿಕ್ಕೆ ಆಗುದಿಲ್ವಾ ಅಂದ್ರೆ, ಆಗ್ತದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 51ನೇ ನಿಯಮದ ಪ್ರಕಾರ ವಕೀಲರು ಪತ್ರಿಕೆಗೆ ಬರೀಬಹುದು, ರೇಡಿಯೋದಲ್ಲಿ ಮಾತಾಡ್ಬಹುದು, ಪಾಠ ಮಾಡ್ಬಹುದು, ಪೇಪರಿನವ್ರಿಗೆ ಸುದ್ದಿ ಅಚ್ಚಾಗುವ ಮೊದಲು ಕಾನೂನು ಕಣ್ಣಿನಿಂದ ಓದಿಕೊಡ್ಬಹುದು. ಎರಡು ಬೇಲಿ ಮಾತ್ರ: ಪೂರ್ತಿ ನೌಕರಿ ಆಗ್ಬಾರ್ದು, ಬರವಣಿಗೆ ಜಾಹೀರಾತು ಆಗ್ಬಾರ್ದು. ಎರಡನೇದು 36ನೇ ನಿಯಮದಲ್ಲಿ ಬರ್ತದೆ. ಲೇಖನದ ಕೆಳಗೆ "ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ" ಅಂತ ಫೋನ್ ನಂಬರ್ ಹಾಕಿದ್ರೆ ಅದು ಕಕ್ಷಿದಾರರನ್ನು ಕರೆದ ಹಾಗೆ. ನಮ್ಮ ಕಡೆಯ ಪೇಪರುಗಳಲ್ಲಿ ಹಾಗೆ ನಂಬರ್ ಹಾಕಿದ್ದು ನೋಡಿದಾಗೆಲ್ಲ ನನಗೆ ಮುಜುಗರ ಆಗ್ತದೆ.

ಲಾ ಓದದೆ ಇಂಥದ್ದು ಬರೀಬಹುದಾ?

ಬರೀಬಹುದು. ಕಾನೂನಿನ ಬಗ್ಗೆ ಬರೀಲಿಕ್ಕೆ ಲೈಸೆನ್ಸ್ ಬೇಡ. ಒಬ್ಬರ ಕೇಸಿಗೆ ಇಂತಿಂಥದ್ದೇ ಮಾಡಿ ಅಂತ ಸಲಹೆ ಕೊಡುದು ಬೇರೆ, ಅದು ವಕೀಲರ ಕೆಲಸ, 2018ರಲ್ಲಿ ಸುಪ್ರೀಂ ಕೋರ್ಟು ಎ.ಕೆ. ಬಾಲಾಜಿ ಕೇಸಿನಲ್ಲಿ ಕೋರ್ಟಿನ ಹೊರಗೆ ಕೊಡುವ ಸಲಹೆಯೂ ವಕೀಲಿಕೆಯೇ ಅಂತ ಹೇಳಿದೆ. ಡಿಗ್ರಿಗಿಂತ ಮುಖ್ಯ ಕೋರ್ಟು, ವಿಲ್ಲೇಜ್ ಆಫೀಸು, ಸಬ್ ರಿಜಿಸ್ಟ್ರಾರ್ ಆಫೀಸು ಹೇಗೆ ನಡೀತದೆ ಅಂತ ಕಣ್ಣಿನಿಂದ ನೋಡಿರುದು. ಪುಸ್ತಕ ಮಾತ್ರ ಓದಿದವ್ರು "ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬೇಕು" ಅಂತ ಬರೆದು ಕೈ ತೊಳ್ಕೊಳ್ತಾರೆ, ಓದಿದವ್ರು ತಾಲೂಕು ಆಫೀಸಿಗೆ ಹೋದ್ರೆ ಮೊದಲು ವಿಲ್ಲೇಜ್ ಆಫೀಸಿಂದ ರಿಪೋರ್ಟ್ ಬರ್ಲಿ ಅಂತಾರೆ, ಒಂದು ದಿನದ ಸಂಬಳ ಹೋಯ್ತು.

ನನ್ನದೊಂದು ಕೇಸ್ ಉಂಟು, ಸ್ವಲ್ಪ ಹೇಳ್ತೀರಾ?

ಇಲ್ಲ. ಕಾಲಂನಲ್ಲಿ ಉತ್ತರ ಕೊಡುದು ಎಲ್ಲರಿಗೂ ಆಗುವ ಪ್ರಶ್ನೆಗೆ ಮಾತ್ರ. ನಿಮ್ಮ ಕಾಗದ ನಾನು ನೋಡಿಲ್ಲ, ಎದುರು ಪಾರ್ಟಿ ಎಂತ ಹೇಳ್ತಾರೆ ಗೊತ್ತಿಲ್ಲ. ಆದ್ರೆ ಯಾವ ಬಾಗಿಲು ತಟ್ಟಬೇಕು ಅಂತ ಹೇಳ್ತೇನೆ, ವಕೀಲರಿಗೆ ಕೊಡ್ಲಿಕ್ಕೆ ದುಡ್ಡಿಲ್ಲದವ್ರಿಗೆ ಕೂಡ ಬಾಗಿಲುಂಟು, ಕೆಳಗೆ ಬರೆದಿದ್ದೇನೆ.

ಬೇರೆ ಊರಿನ ಕನ್ನಡ ಲೇಖನ ಸಾಲದಾ, ಕಾಸರಗೋಡಿಗೆ ಬೇರೆಯೇ ಬರೀಬೇಕಾ?

ಬೇಕು. ನನ್ನ ಕೆಲಸದ ಅರ್ಧ ಭಾಗ ಇದುವೇ.

ನಾವು ಓದುದು ಮಂಗಳೂರು-ಬೆಂಗಳೂರಿನ ಕನ್ನಡ, ಬದುಕುದು ಕೇರಳದ ಕಾನೂನಿನ ಅಡಿಯಲ್ಲಿ. 1956 ನವೆಂಬರ್ 1ರ ವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯವ್ರು, ಮದ್ರಾಸಿನ ಕಾಯ್ದೆ, ಮತ್ತೆ ಕೇರಳ. ಕರ್ನಾಟಕದ ಪೇಪರಿನಲ್ಲಿ ಪಹಣಿ, ಖಾತೆ, ಮ್ಯುಟೇಶನ್ ಅಂತ ಚಂದದಲ್ಲಿ ಬರೆದಿರ್ತಾರೆ, ಬದಿಯಡ್ಕದ ಓದುಗರು ಅದನ್ನು ಕಟ್ ಮಾಡಿ ಇಟ್ಕೊಂಡು ವಿಲ್ಲೇಜ್ ಆಫೀಸಿಗೆ ಹೋಗಿ ಪಹಣಿ ಕೊಡಿ ಅಂದ್ರೆ ಅಲ್ಲಿಯವ್ರು ಮುಖ ನೋಡ್ತಾರೆ, ಇಲ್ಲಿ ಬೇಕಾದ್ದು ಆಧಾರ (ಆಧಾರ್ ಕಾರ್ಡ್ ಅಲ್ಲ, ಜಾಗೆಯ ದಸ್ತಾವೇಜು), ತಂಡಪೇರ್ ನಂಬರ್ (ವಿಲ್ಲೇಜ್ ಆಫೀಸಿನ ತೆರಿಗೆ ಪುಸ್ತಕದ ಖಾತೆ ನಂಬರ್), ತೆರಿಗೆ ಕಟ್ಟಿದ ರಶೀದಿ, ಪೋಕ್ಕುವರವ್ (ಇಲ್ಲಿಯ ಮ್ಯುಟೇಶನ್). ಅಲ್ಲಿ ಗುಂಟೆ ಲೆಕ್ಕ, ನಮ್ಮದು ಸೆಂಟ್ಸ್, ಸರಕಾರಿ ದಾಖಲೆಯಲ್ಲಿ ಆರ್. ಎಕ್ರೆಗೆ 40 ಗುಂಟೆ, 100 ಸೆಂಟ್ಸ್, ಹಾಗಾಗಿ ಒಂದು ಗುಂಟೆ ಅಂದ್ರೆ ಎರಡೂವರೆ ಸೆಂಟ್ಸ್, ಒಂದು ಆರ್ ಅಂದ್ರೆ ಸುಮಾರು 2.47 ಸೆಂಟ್ಸ್. ಗದ್ದೆಯಲ್ಲಿ ಮನೆ ಕಟ್ಟುದಾದ್ರೆ ಕರ್ನಾಟಕದ ಕನ್ವರ್ಶನ್ ಕತೆ ಇಲ್ಲಿ ನಡೆಯುದಿಲ್ಲ, ಕೇರಳದ 2008ರ ಗದ್ದೆ-ಜೌಗು ಜಾಗೆ ಸಂರಕ್ಷಣೆ ಕಾಯ್ದೆ ಉಂಟು. ಜಾಗೆ ಡೇಟಾ ಬ್ಯಾಂಕಿನಲ್ಲಿ, ಅಂದ್ರೆ ಗದ್ದೆ-ಜೌಗು ಜಾಗೆಗಳ ಸರಕಾರಿ ಪಟ್ಟಿಯಲ್ಲಿ, ಸೇರಿದ್ರೆ ಹೊರಗೆ ತರ್ಲಿಕ್ಕೆ ಫಾರಂ 5, ಸೇರದೆ ಇದ್ದು ಹಳೇ ದಾಖಲೆಯಲ್ಲಿ ಗದ್ದೆ ಅಂತ ಮಾತ್ರ ಇದ್ರೆ 50 ಸೆಂಟ್ಸಿನ ವರೆಗೆ ಫಾರಂ 6. ಇದನ್ನು ಕನ್ನಡದಲ್ಲಿ ಯಾರಾದ್ರೂ ಬರೆದುಕೊಡ್ಬೇಕಲ್ಲ.

ಹಾಗಂತ ಎಲ್ಲ ಕಾನೂನೂ ಗಡಿಯಲ್ಲಿ ಬದಲಾಗುದಿಲ್ಲ. ಚೆಕ್, ಗ್ರಾಹಕ, ಆಕ್ಸಿಡೆಂಟ್, ಮಾಹಿತಿ ಹಕ್ಕು ಇದೆಲ್ಲ ಇಡೀ ದೇಶಕ್ಕೆ ಒಂದೇ. ಜಾಗೆ, ಬಾಡಿಗೆ, ಸ್ಟಾಂಪ್ ಡ್ಯೂಟಿ, ಪಂಚಾಯತ್ ಇದೆಲ್ಲ ರಾಜ್ಯದ್ದು. ನಾನು ಏನು ಬರೆಯುವಾಗ್ಲೂ ಮೊದಲು ಇದು ಯಾವ ರಾಜ್ಯದ ಕಾನೂನು ಅಂತ ಬರೀತೇನೆ, ಮತ್ತೆ ಯಾವ ತಾರೀಕಿನ ಒಳಗೆ, ಮತ್ತೆ ಯಾವ ಕಾಗದ. ಸೆಕ್ಷನ್ ನಂಬರ್ ಕೊನೆಗೆ. ಹೊಸಬರು ಇದನ್ನು ತಿರುಗಿಸಿ ಬರೀತಾರೆ, ಸೆಕ್ಷನಿನಿಂದ ಶುರು, ತಾರೀಕು ಎಲ್ಲಿಯೋ ಕೊನೇ ಪ್ಯಾರಾದಲ್ಲಿ, ಪೇಪರಿನವ್ರು ಜಾಗ ಸಾಲದೆ ಆ ಕೊನೇ ಪ್ಯಾರಾವನ್ನೇ ಕತ್ತರಿಸ್ತಾರೆ.

2020ರಲ್ಲಿ ಲಾಕ್‌ಡೌನ್ ಆಗಿ ಕರ್ನಾಟಕದವ್ರು ರಸ್ತೆಗೆ ಮಣ್ಣು ಹಾಕಿ ಗಡಿ ಬಂದ್ ಮಾಡಿದ್ದು ನೆನಪುಂಟಲ್ಲ. ಮಂಗಳೂರಿನ ಆಸ್ಪತ್ರೆ ಬಿಟ್ರೆ ಬೇರೆ ಗತಿ ಇಲ್ಲದ ಊರು ನಮ್ಮದು. ಒಂದು ರಾಜ್ಯ ಇನ್ನೊಂದು ರಾಜ್ಯದವ್ರಿಗೆ ದಾರಿ ಮುಚ್ಚಬಹುದಾ ಅಂತ ಆ ವಾರ ಕೇಳದವ್ರಿಲ್ಲ. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ಬಿಡುವ ಹಾಗೆ ಕೇಂದ್ರಕ್ಕೆ ಆದೇಶ ಕೊಟ್ಟಿತು, ಸುಪ್ರೀಂ ಕೋರ್ಟಿಗೆ ಹೋಯ್ತು, 7ಕ್ಕೆ ತಲಪಾಡಿ ಗಡಿಯಲ್ಲಿ ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಕಡೆ ಒಪ್ಪಿಗೆ ಆಗಿದೆ ಅಂತ ದಾಖಲಾಯ್ತು. ಕನ್ನಡ ಟಿವಿಯಲ್ಲಿ ಕರ್ನಾಟಕದ ವಾದ, ಮಲಯಾಳಂ ಟಿವಿಯಲ್ಲಿ ಕೇರಳದ ವಾದ, ಎರಡನ್ನೂ ಪಕ್ಕ ಪಕ್ಕ ಇಟ್ಟು ಕನ್ನಡದಲ್ಲಿ ಹೇಳುವವ್ರು ಬೇಕಿತ್ತು.

ಕೆಎ 19 ಬೈಕು ಉಪ್ಪಳದಲ್ಲಿ ಇಟ್ಕೊಳ್ಬಹುದಾ?

ಮಂಗಳೂರು ನಂಬರಿನ ಗಾಡಿ ಕೇರಳದಲ್ಲಿ 12 ತಿಂಗಳ ವರೆಗೆ ಇಟ್ಕೊಳ್ಬಹುದು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅದಕ್ಕಿಂತ ಹೆಚ್ಚು ದಿನ ಇಲ್ಲಿಯೇ ಇಡುದಾದ್ರೆ ಅಲ್ಲಿಂದ ಎನ್‌ಒಸಿ ತಂದು ಕಾಸರಗೋಡಿನ ಕೆಎಲ್ 14ಕ್ಕೆ ಬದಲಾಯಿಸ್ಬೇಕು, ಇಲ್ಲಿಯ ಟ್ಯಾಕ್ಸ್ ಕಟ್ಬೇಕು. "ದಿನಾ ಮಂಗಳೂರಿಗೆ ಹೋಗಿ ಬರ್ತೇನೆ" ಅಂತ ಹೇಳುವವ್ರು ಬೇಕಾದಷ್ಟಿದ್ದಾರೆ, ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ ಹೆಚ್ಚಾಗಿ ಈ ಪ್ರಶ್ನೆ ನನಗೆ ಬರುದು.

ಮಂಗಳೂರಲ್ಲಿ ತಗೊಂಡ ಫ್ರಿಜ್ ಹಾಳಾದ್ರೆ ಮಂಗಳೂರಿಗೇ ಹೋಗಿ ಕೇಸ್ ಹಾಕ್ಬೇಕಾ?

ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡ್ಬಹುದು. ಕುಂಬಳೆಯವ್ರು ಕಾಸರಗೋಡಲ್ಲಿ ಕೊಟ್ರೆ ಆ ಅಂಗಡಿಯವ್ರೇ ತಲಪಾಡಿ ದಾಟಿ ಬರ್ಬೇಕು. 5 ಲಕ್ಷದ ವರೆಗಿನ ವಸ್ತುವಿಗೆ ಫೀಸಿಲ್ಲ. ತೊಂದರೆ ಆದಲ್ಲಿಂದ ಎರಡು ವರ್ಷದ ಒಳಗೆ ಕೊಡ್ಬೇಕು. ಬಿಲ್ ಇಟ್ಕೊಳ್ಳಿ. "ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೇವೆ" ಅಂತ ಅಂಗಡಿಯವ್ರು ಹೇಳ್ತಾರೆ ನೋಡಿ, ಆ ಕಮ್ಮಿ ಮಾಡುದು ಇದಕ್ಕೇ.

ರಸ್ತೆ ಆಕ್ಸಿಡೆಂಟ್ ಪರಿಹಾರವೂ ಹೀಗೆಯೇ. ಕರ್ನಾಟಕದ ತೊಕ್ಕೊಟ್ಟಿನಲ್ಲಿ ಬಿದ್ರೂ ಕಾಸರಗೋಡಿನ ಕ್ಲೈಮ್ಸ್ ಟ್ರಿಬ್ಯೂನಲಿನಲ್ಲಿ ಅರ್ಜಿ ಹಾಕ್ಬಹುದು, ನೀವು ವಾಸ ಇರುವ ಜಾಗೆ ಲೆಕ್ಕಕ್ಕೆ ಬರ್ತದೆ.

ಕಾಯ್ದೆಯ ಭಾಷೆಯನ್ನು ಜನರ ಭಾಷೆ ಮಾಡುದು ಹೇಗೆ? ಒಂದು ಉದಾಹರಣೆ ಕೊಡಿ.

ಚೆಕ್ ಬೌನ್ಸಿನ 138ನೇ ಸೆಕ್ಷನ್ ತಗೊಳ್ಳಿ. ಅದು ಇಡೀ ಒಂದೇ ವಾಕ್ಯ, ಉಸಿರು ಕಟ್ಟುವಷ್ಟು ಉದ್ದ, ಕೆಳಗೆ ಮೂರು ಷರತ್ತು. ಅದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದ್ರೆ "ಯಾವನೇ ವ್ಯಕ್ತಿಯು ಬ್ಯಾಂಕಿನಲ್ಲಿ ತಾನು ಹೊಂದಿರುವ ಖಾತೆಯ ಮೇಲೆ, ಯಾವುದೇ ಋಣದ ಸಂದಾಯಕ್ಕಾಗಿ ಬರೆದುಕೊಟ್ಟ ಚೆಕ್ಕು" ಅಂತ ಶುರುವಾಗಿ ಓದುಗ ಎರಡನೇ ಸಾಲಿಗೇ ಕ್ರೀಡಾ ಪುಟಕ್ಕೆ ಹೋಗ್ತಾನೆ. ಅದನ್ನು ನಾನು ಬರೆಯುದು ಚೆಕ್ ಕೈಯಲ್ಲಿ ಹಿಡ್ಕೊಂಡು ನಿಂತವರ ಕಡೆಯಿಂದ:

ಚೆಕ್ಕಿನ ಮೇಲಿನ ತಾರೀಕಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ವಾಪಸ್ ಬಂದ್ರೆ ಬ್ಯಾಂಕಿನವ್ರು ಕೊಡುವ ಮೆಮೊ ಬಿಸಾಡ್ಬೇಡಿ. ಮೆಮೊ ಸಿಕ್ಕಿದ 30 ದಿನದೊಳಗೆ ಚೆಕ್ ಕೊಟ್ಟವ್ರಿಗೆ ಲಿಖಿತ ನೋಟಿಸ್ ಹೋಗ್ಬೇಕು. ನೋಟಿಸ್ ಅವರ ಕೈಗೆ ಸಿಕ್ಕಿ 15 ದಿನ ಅವರಿಗೆ ಟೈಮು. ಕೊಡ್ಲಿಲ್ಲ ಅಂದ್ರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

ಇಷ್ಟು ಬರೆದು ಕೂಡ ನನಗೆ ಸಮಾಧಾನ ಆಗುದಿಲ್ಲ, ತಾರೀಕು ಹಾಕಿ ತೋರಿಸ್ತೇನೆ. ಜೂನ್ 3ಕ್ಕೆ ಮೆಮೊ ಸಿಕ್ಕಿದ್ರೆ ಜುಲೈ 3ರೊಳಗೆ ನೋಟಿಸ್. ಆ ನೋಟಿಸ್ ಜುಲೈ 10ಕ್ಕೆ ಅವರಿಗೆ ಸಿಕ್ಕಿತು ಅಂದ್ರೆ ಜುಲೈ 25ರ ವರೆಗೆ ಕಾಯಿರಿ, ಆಗಸ್ಟ್ 25ರೊಳಗೆ ಕೋರ್ಟು. ಕೋರ್ಟಿಗೆ ತಡ ಆದ್ರೆ ಸರಿಯಾದ ಕಾರಣ ತೋರಿಸಿ ಕೇಳ್ಕೊಳ್ಳಿಕ್ಕೆ ಅವಕಾಶ ಉಂಟು, ನೋಟಿಸಿಗೆ ತಡ ಆದ್ರೆ ಇಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ "ಅವ ನಮ್ಮವನೇ, ಕೊಡ್ತಾನೆ" ಅಂತ ಕಾದು ಕೂತು ದುಡ್ಡು ಕಳ್ಕೊಂಡವ್ರು ನಮ್ಮ ಅಡಿಕೆ ವ್ಯಾಪಾರದಲ್ಲಿ ಎಷ್ಟೋ ಜನ. ಶಿಕ್ಷೆ ಎರಡು ವರ್ಷದ ವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟು ದಂಡ, ಇಲ್ಲಾಂದ್ರೆ ಎರಡೂ, ಅಂತ ಕೊನೆಗೆ ಬರೀತೇನೆ. ಗಡಿಯವ್ರಿಗೆ ಇನ್ನೊಂದು ಸಾಲು ಉಂಟು: ಪುತ್ತೂರಿನವ್ರು ಕೊಟ್ಟ ಚೆಕ್ಕನ್ನು ನೀವು ಪೆರ್ಲದ ನಿಮ್ಮ ಬ್ಯಾಂಕ್ ಖಾತೆಗೆ ಹಾಕಿದ್ರೆ ಕೇಸು ಕಾಸರಗೋಡಲ್ಲಿ, 2015ರ ತಿದ್ದುಪಡಿ ಆದ ಮೇಲೆ ಚೆಕ್ ಹಾಕಿದವರ ಖಾತೆ ಎಲ್ಲಿ ಅಂತ ನೋಡುದು.

420, 144 ಅಂತೆಲ್ಲ ಈಗ ಹೇಳ್ಲಿಕ್ಕಿಲ್ವಾ?

ಬಾಯಲ್ಲಿ ಹೇಳಿ, ಯಾರೂ ಬೇಡ ಅನ್ನುದಿಲ್ಲ. ಆದ್ರೆ 2024 ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಬಂದು ಹಳೇ ದಂಡ ಸಂಹಿತೆ (ಐಪಿಸಿ), ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ನಂಬರೆಲ್ಲ ಹೋಯ್ತು. ಮೋಸದ 420 ಈಗ ನ್ಯಾಯ ಸಂಹಿತೆಯ 318ರ 4ನೇ ಉಪವಿಧಿ. ಕೊಲೆಯ 302 ಈಗ 103. ತಮಾಷೆ ಆದದ್ದು 144ರಲ್ಲಿ. ಮೊದಲು 144 ಅಂದ್ರೆ ಜನ ಗುಂಪು ಸೇರ್ಬಾರ್ದು ಅಂತ ಹಾಕುವ ಆದೇಶ, ಈಗ ಅದು 163 ಆಗಿದೆ, ಮತ್ತೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲಿ ಬಂದು ಕೂತದ್ದು ಹೆಂಡತಿ-ಮಕ್ಕಳು-ಅಪ್ಪ ಅಮ್ಮನಿಗೆ ಕೊಡುವ ಜೀವನಾಂಶ. "ಊರಲ್ಲಿ 144 ಹಾಕಿದ್ದಾರೆ" ಅಂತ ಇನ್ನೂ ಹೆಡ್ಡಿಂಗ್ ಬರ್ತದೆ, ಓದಿ ನಗ್ತೇನೆ.

ಬರೆಯುವವ್ರಿಗೆ ತಲೆನೋವು ಎಂತ ಅಂದ್ರೆ ಎರಡೂ ನಂಬರ್ ಬೇಕು. 2024 ಜುಲೈಗಿಂತ ಮೊದಲು ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ, ಕೇಸು ಇನ್ನೂ ಹತ್ತು ವರ್ಷ ನಡೆದ್ರೂ. ಹಾಗಾಗಿ ಹಳೇ ಪುಸ್ತಕ ರದ್ದಿಗೆ ಹಾಕ್ಬೇಡಿ.

ಹೊಸದರಲ್ಲಿ ಗಡಿಯವ್ರಿಗೆ ಉಪಯೋಗ ಆಗುವ ಒಂದು ಸಂಗತಿ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್. ಅಪರಾಧ ಎಲ್ಲಿ ನಡೆದ್ರೂ ಯಾವ ಸ್ಟೇಶನಿನಲ್ಲಿ ಬೇಕಾದ್ರೂ ಮಾಹಿತಿ ಕೊಡ್ಬಹುದು, ಝೀರೋ ಎಫ್‌ಐಆರ್ ಅಂತ ಹೇಳ್ತಾರೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟಾಂಡಿನಲ್ಲಿ ಬ್ಯಾಗ್ ಕದ್ದುಹೋದ್ರೆ ಮಂಜೇಶ್ವರ ಸ್ಟೇಶನಿಗೆ ಹೋದ್ರೂ ಆಗ್ತದೆ. "ಅದು ಕರ್ನಾಟಕದ್ದು, ಅಲ್ಲಿ ಹೋಗಿ" ಅಂತ ಹೇಳಿ ಕಳಿಸ್ಲಿಕ್ಕಿಲ್ಲ.

ಅಜ್ಜನ ಕಾಲದ ಕನ್ನಡ ದಾಖಲೆ ಉಂಟು, ಮಗನಿಗೆ ಓದ್ಲಿಕ್ಕೆ ಬರುದಿಲ್ಲ, ವಕೀಲರಿಗೂ ಬರುದಿಲ್ಲ. ಬಿಸಾಡುದಾ?

ಅಯ್ಯೋ ಬೇಡ. ನಮ್ಮ ಕಡೆ ಮನೆ ಮನೆಯ ಟ್ರಂಕಿನಲ್ಲಿ ಇಂಥದ್ದು ಉಂಟು. ಸ್ಟಾಂಪ್ ಕಾಗದ ಹಳದಿಯಾಗಿ ಮಡಚಿದಲ್ಲಿ ಹರಿದು, ಮೋಡಿ ಅಕ್ಷರದಂತೆ ಕಾಣುವ ಕೈಬರಹದ ಕನ್ನಡ, ಒಂದು ಮೂಲೆಯಲ್ಲಿ ಹೆಬ್ಬೆಟ್ಟಿನ ಗುರುತು, ಗಡಿ ಹೇಳುವಾಗ "ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಇಂಥವರ ಕಟ್ಟಪುಣಿ". ಮೂಲಗೇಣಿಯಾ ಚಾಲಗೇಣಿಯಾ ಅಂತ ನೋಡ್ಬೇಕು. ಮೂಲಗೇಣಿ ಅಂದ್ರೆ ಕಾಯಂ ಗೇಣಿ, ಚಾಲಗೇಣಿ ಒಡೆಯರು ಬೇಡ ಅಂದ್ರೆ ಬಿಡ್ಬೇಕಾದ್ದು. 1970 ಜನವರಿ 1ಕ್ಕೆ ಕೇರಳದ ಭೂಸುಧಾರಣೆಯಲ್ಲಿ ಗೇಣಿ ಜಾಗೆಯ ಮೇಲಿನ ಒಡೆಯರ ಹಕ್ಕು ಸರಕಾರಕ್ಕೆ ಹೋಯ್ತು, ಗೇಣಿದಾರರು ಲ್ಯಾಂಡ್ ಟ್ರಿಬ್ಯೂನಲಿಂದ ಪಟ್ಟಯ (ಜಾಗೆಯ ಹಕ್ಕುಪತ್ರ) ಮಾಡಿಸ್ಕೊಂಡ್ರು. ಹಾಗಾಗಿ ಈಗ ಬೇಕಾದ್ದು ಪಟ್ಟಯ, ಆದ್ರೆ ಗಡಿ ತಕರಾರು, ದಾರಿ ತಕರಾರು, ತೋಡಿನ ನೀರಿನ ತಕರಾರು ಬಂದಾಗ ಹಳೇ ಕಾಗದವೇ ಮಾತಾಡುದು. ಹರಿಯುವ ಮೊದಲು ಒಳ್ಳೇ ಸ್ಕ್ಯಾನ್ ಮಾಡಿಸಿ, ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾತ್ರ ಮಾಡಿಸ್ಬೇಡಿ, ಮತ್ತೆ ತೆಗೀಲಿಕ್ಕೆ ಆಗುದಿಲ್ಲ.

ಇದು ಓದುವವ್ರು ಕಮ್ಮಿ ಆಗ್ತಾ ಬಂದಿದ್ದಾರೆ, ಹಳೇ ದಸ್ತಾವೇಜು ಬರಹಗಾರರು ಇದ್ದವ್ರೆಲ್ಲ ವಯಸ್ಸಾದವ್ರು. ಕಾನೂನು ಬರವಣಿಗೆಗೆ ಬರ್ಬೇಕು ಅಂತಿರುವ ಹುಡುಗ-ಹುಡುಗಿಯರು ಅವರ ಹತ್ರ ಕೂತು ಓದ್ಲಿಕ್ಕೆ ಕಲೀರಿ, ಲಾ ಕಾಲೇಜಿನಲ್ಲಿ ಇದನ್ನು ಕಲಿಸುದಿಲ್ಲ.

ಹೆಣ್ಣುಮಕ್ಕಳಿಗೆ ಕೇರಳದಲ್ಲಿ ಪಾಲಿಲ್ಲ ಅಂತಾರೆ, ಹೌದಾ?

ಅಪ್ಪ ಸ್ವಂತ ಮಾಡಿದ ಜಾಗೆ, ವಿಲ್ ಬರೆಯದೆ ತೀರಿಕೊಂಡ್ರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಮಗನಿಗೂ ಮಗಳಿಗೂ ಅಮ್ಮನಿಗೂ ಸಮ ಸಮ, ಅದರಲ್ಲಿ ಯಾವತ್ತೂ ಸಂಶಯ ಇರ್ಲಿಲ್ಲ. ಗೊಂದಲ ಇದ್ದದ್ದು ಹಿರಿಯರ ಆಸ್ತಿಯಲ್ಲಿ. ಕೇರಳ 1975ರಲ್ಲಿ ಕೂಡು ಕುಟುಂಬವನ್ನೇ ರದ್ದು ಮಾಡುವ ಕಾಯ್ದೆ ಮಾಡಿತು, 1976 ಡಿಸೆಂಬರ್ 1ರಿಂದ ಜಾರಿ. ಅಮ್ಮನ ಕಡೆಯಿಂದ ಆಸ್ತಿ ಹೋಗುವ ಅಳಿಯಸಂತಾನದ ತರವಾಡು (ಮೂಲ ಕುಟುಂಬದ) ಮನೆಗಳೂ ಅದರಲ್ಲೇ ಬಂದುವು. ಆಮೇಲೆ 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮಗಳಿಗೂ ಹುಟ್ಟಿನಿಂದಲೇ ಹಕ್ಕು ಅಂತ ಆಯ್ತು, ಇಲ್ಲಿಯವ್ರು "ನಮ್ಮಲ್ಲಿ ಕೂಡು ಕುಟುಂಬವೇ ಇಲ್ಲ, ಹುಟ್ಟಿನ ಹಕ್ಕು ಎಲ್ಲಿಂದ" ಅಂತ ವಾದ ಮಾಡ್ತಾ ಬಂದ್ರು. 2025 ಜುಲೈಯಲ್ಲಿ ಕೇರಳ ಹೈಕೋರ್ಟು ಆ 1975ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್ ಕೇಂದ್ರದ ಕಾಯ್ದೆಗೆ ವಿರುದ್ಧ ಅಂತ ಹೇಳಿ ಮಗಳಿಗೂ ಸಮಪಾಲು ಅಂತ ತೀರ್ಪು ಕೊಟ್ಟಿತು, 2004 ಡಿಸೆಂಬರ್ 20ಕ್ಕಿಂತ ಮೊದಲೇ ಸರಿಯಾಗಿ ಪಾಲಾದದ್ದನ್ನು ಮುಟ್ಟುದಿಲ್ಲ. ಒಬ್ಬರೇ ಜಡ್ಜರ ತೀರ್ಪು, ಇಂಥದ್ದು ಮೇಲಿನ ಕೋರ್ಟಿಗೆ ಹೋಗಿ ಬದಲಾಗ್ಲೂಬಹುದು, ಹಾಗಾಗಿ ಪಾಲುಪಟ್ಟಿಗೆ ಸೈನ್ ಹಾಕುವ ಮೊದಲು ಆ ಹೊತ್ತಿನ ಸ್ಥಿತಿ ಎಂತ ಅಂತ ವಕೀಲರ ಹತ್ರ ಕೇಳಿ. "ಮದುವೆಗೆ ಚಿನ್ನ ಹಾಕಿದ್ದೇವಲ್ಲ" ಅನ್ನುದು ಕಾನೂನಿನಲ್ಲಿ ಉತ್ತರ ಅಲ್ಲ.

ಎಡನೀರು ಮಠದ ಕೇಸು ಅಂದ್ರೆ ಎಂತ? ಎಲ್ಲರೂ ಹೇಳ್ತಾರೆ, ಬಿಡಿಸಿ ಹೇಳುವವ್ರಿಲ್ಲ.

ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ಕೂತ್ರೆ ದಾರಿಯಲ್ಲೇ ಸಿಗ್ತದೆ ಎಡನೀರು. ಅಲ್ಲಿಯ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಮಠದ ಜಾಗೆಗೆ ಕೇರಳದ ಭೂಸುಧಾರಣೆ ತಾಗುದನ್ನು ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋದ್ರು. ಕೇಸು ನಡೀತಾ ನಡೀತಾ ದೊಡ್ಡದಾಗಿ, ಪಾರ್ಲಿಮೆಂಟು ಸಂವಿಧಾನವನ್ನು ಎಷ್ಟು ಬೇಕಾದ್ರೂ ತಿದ್ದಬಹುದಾ ಅನ್ನುವ ಪ್ರಶ್ನೆಗೆ ಬಂದು ನಿಂತಿತು. 13 ಜಡ್ಜರು, 68 ದಿನ ವಿಚಾರಣೆ, ಸ್ವಾಮೀಜಿ ಪರ ನಾನಿ ಪಾಲ್ಖೀವಾಲಾ. 1973 ಏಪ್ರಿಲ್ 24ಕ್ಕೆ ತೀರ್ಪು, 7 ಜನ ಒಂದು ಕಡೆ 6 ಜನ ಇನ್ನೊಂದು ಕಡೆ. ತಿದ್ದಬಹುದು, ಆದ್ರೆ ಮೂಲ ಸ್ವರೂಪ ಹಾಳು ಮಾಡ್ಲಿಕ್ಕಿಲ್ಲ ಅಂತ. ಜಾಗೆಯ ಮಟ್ಟಿಗೆ ಹೇಳುದಾದ್ರೆ ಕೇರಳದ ಭೂಸುಧಾರಣೆಗೆ ರಕ್ಷಣೆ ಕೊಟ್ಟ 29ನೇ ತಿದ್ದುಪಡಿ ಉಳೀತು. ಸ್ವಾಮೀಜಿ 2020 ಸೆಪ್ಟೆಂಬರಿನಲ್ಲಿ ತೀರಿಕೊಂಡ್ರು.

ದೇಶದ ಎಲ್ಲ ಲಾ ಕಾಲೇಜಿನ ಮಕ್ಕಳಿಗೂ ಆ ಹೆಸರು ಗೊತ್ತು. ಹೈಸ್ಕೂಲು ಮಕ್ಕಳಿಗೆ ಸಂವಿಧಾನದ ಕ್ಲಾಸ್ ತಗೊಳ್ಳುವಾಗ ನಾನು ಬೇರೆ ಎಲ್ಲಿಂದಲೂ ಶುರು ಮಾಡುದಿಲ್ಲ, ಇದರಿಂದಲೇ.

ಇಲ್ಲಿಯ ಆಫೀಸಿಗೆ ಕನ್ನಡದಲ್ಲಿ ಅರ್ಜಿ ಕೊಟ್ರೆ ತಗೊಳ್ತಾರಾ?

ತಗೊಳ್ಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹಾರ ಮಾಡ್ಬಹುದು, ಉತ್ತರವೂ ಕನ್ನಡದಲ್ಲಿ ಸಿಗ್ಬೇಕು ಅಂತ ಉಂಟು. ಸಂವಿಧಾನದ 350ನೇ ವಿಧಿ ಬೇರೆ. "ಮಲಯಾಳಂನಲ್ಲಿ ಬರೆದು ತನ್ನಿ" ಅಂದ್ರೆ ಜಗಳ ಮಾಡ್ಲಿಕ್ಕೆ ಹೋಗ್ಬೇಡಿ, ಕನ್ನಡ ಅರ್ಜಿಯನ್ನೇ ಕೊಟ್ಟು ಒಂದು ಕಾಪಿಗೆ ಸೀಲು-ತಾರೀಕು ಹಾಕಿಸ್ಕೊಳ್ಳಿ, ಅದೂ ಆಗ್ಲಿಲ್ಲ ಅಂದ್ರೆ ಸ್ಪೀಡ್ ಪೋಸ್ಟು. ನಾನು ಹೇಳುದು, ಹಕ್ಕಿಗಾಗಿ ಒತ್ತಾಯ ಮಾಡಿ, ಆದ್ರೆ ಆಸ್ಪತ್ರೆ, ಪೆನ್ಶನ್ ಅಂಥ ಅರ್ಜೆಂಟ್ ಕೆಲಸ ಇದ್ರೆ ಅವತ್ತು ಮಲಯಾಳಂ ಬಲ್ಲವ್ರ ಹತ್ರ ಬರೆಸಿ ಕೆಲಸ ಮುಗಿಸಿ, ದೂರು ಮರುದಿನ ಕೊಡಿ.

ಕಾಯ್ದೆ, ತೀರ್ಪು ಎಲ್ಲಿ ಓದ್ತೀರಿ? ಅದನ್ನು ಕಾಪಿ ಮಾಡಿದ್ರೆ ಕೇಸಾಗ್ತದಾ?

ಇಂಡಿಯಾ ಕೋಡ್ ವೆಬ್‌ಸೈಟಿನಲ್ಲಿ ಕೇಂದ್ರ-ರಾಜ್ಯದ ಕಾಯ್ದೆ, ಇಂಡಿಯನ್ ಕಾನೂನ್ ವೆಬ್‌ಸೈಟಿನಲ್ಲಿ ತೀರ್ಪು, ಸುಪ್ರೀಂ ಕೋರ್ಟಿನದ್ದು ಇ-ಎಸ್‌ಸಿಆರ್‌ನಲ್ಲಿ ಫ್ರೀ. ಕೇಂದ್ರದ ಎಷ್ಟೋ ಕಾಯ್ದೆಗೆ ಕನ್ನಡ ಅನುವಾದ ಕರ್ನಾಟಕ ಸರಕಾರ ಮಾಡಿಸಿದೆ, ಕೇರಳದ ಕಾಯ್ದೆ ಕನ್ನಡದಲ್ಲಿ ಸಿಗುದು ಅಪರೂಪ, ಇಂಗ್ಲಿಷು-ಮಲಯಾಳಂ ಎರಡೂ ಓದ್ಲಿಕ್ಕೆ ಬರ್ಬೇಕು. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕೋರ್ಟಿನ ತೀರ್ಪನ್ನು ಕೋರ್ಟು ಬೇಡ ಅನ್ನದಿದ್ರೆ ಅಚ್ಚು ಹಾಕ್ಬಹುದು, ಕಾಯ್ದೆಯನ್ನು ನಿಮ್ಮ ವಿವರಣೆ ಸೇರಿಸಿ ಹಾಕ್ಬಹುದು. ಸರಕಾರದ ಅನುವಾದ ಇಲ್ಲದಿದ್ರೆ ನೀವೇ ಅನುವಾದ ಮಾಡ್ಲೂಬಹುದು, ಇದು ಸರಕಾರ ಒಪ್ಪಿದ ಅನುವಾದ ಅಲ್ಲ ಅಂತ ಎದ್ದು ಕಾಣುವ ಹಾಗೆ ಬರೀಬೇಕು. ಇನ್ನೊಬ್ಬ ಲೇಖಕರ ವಿವರಣೆ ಕದ್ರೆ ಮಾತ್ರ ಕಳ್ಳತನವೇ.

ಎಐ ಹತ್ರ ಕೇಳಿದ್ರೆ ಎರಡು ನಿಮಿಷದಲ್ಲಿ ಬರೆದು ಕೊಡ್ತದಲ್ಲ?

ಕೊಡ್ತದೆ. ಕನ್ನಡದಲ್ಲಿ ಕೇಳಿದ್ರೆ ಕೇರಳದವ್ರಿಗೂ ಕರ್ನಾಟಕದ ಕಾನೂನು ಹೇಳುದೇ ಹೆಚ್ಚು, ಕನ್ನಡ ಅಂದ್ರೆ ಕರ್ನಾಟಕ ಅಂತ ಅದಕ್ಕೂ ಗ್ರಹಿಕೆ. ಇಲ್ಲದ ತೀರ್ಪಿನ ಹೆಸರು ಕೂಡ ಸಲೀಸಾಗಿ ಹೇಳ್ತದೆ. ಕೇರಳ ಹೈಕೋರ್ಟು 2025 ಜುಲೈಯಲ್ಲಿ ಜಿಲ್ಲಾ ಕೋರ್ಟುಗಳಿಗೆ ತೀರ್ಪು ಕೊಡುವ ಕೆಲಸಕ್ಕೆ ಎಐ ಬಳಸ್ಬಾರ್ದು ಅಂತ ನಿಯಮ ಮಾಡಿದೆ. ಮೂಲ ತೀರ್ಪು ತೆಗೆದು ಓದದೆ ನಾನು ಒಂದು ಸಾಲೂ ಬರೆಯುದಿಲ್ಲ.

ಕೋರ್ಟ್ ಸುದ್ದಿಯಲ್ಲಿ ಹೆಸರು ಹಾಕ್ಬಹುದಾ, ಜಡ್ಜ್‌ರನ್ನು ಟೀಕೆ ಮಾಡ್ಬಹುದಾ?

ಅತ್ಯಾಚಾರ ಸಂತ್ರಸ್ತೆಯ ಗುರುತು ಹಾಕ್ಲೇಬಾರ್ದು, ನ್ಯಾಯ ಸಂಹಿತೆಯ 72ನೇ ಸೆಕ್ಷನ್. ಮಕ್ಕಳಾದ್ರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಕೂಡ. ನಮ್ಮ ಸಣ್ಣ ಊರಿನಲ್ಲಿ ಹೆಸರು ಬಿಟ್ಟು "ಇಂಥ ಶಾಲೆಯ ಹತ್ತನೇ ಕ್ಲಾಸಿನ, ಇಂಥ ಅಂಗಡಿಯ ಹಿಂದಿನ ಮನೆಯ" ಅಂತ ಬರೆದ್ರೆ ಹೆಸರು ಹಾಕಿದ ಹಾಗೇ, ಇದು ಪೇಪರಿನವ್ರಿಗೆ ಎಷ್ಟು ಸಲ ಹೇಳಿದ್ರೂ ಸಾಲದು. ಮುಗಿದ ಕೇಸಿನ ತೀರ್ಪನ್ನು ನ್ಯಾಯವಾಗಿ ಟೀಕೆ ಮಾಡಿದ್ರೆ ನ್ಯಾಯಾಂಗ ನಿಂದನೆ ಆಗುದಿಲ್ಲ, 1971ರ ನಿಂದನೆ ಕಾಯ್ದೆಯ 5ನೇ ಸೆಕ್ಷನಿನಲ್ಲೇ ಬರೆದಿದೆ. ಜಡ್ಜರು ದುಡ್ಡು ತಗೊಂಡ್ರು ಅಂತ ಬಾಯಿಗೆ ಬಂದದ್ದು ಬರೆದ್ರೆ ಅದು ಬೇರೆ.

"ನಿಮ್ಮದು ಡಿಜಿಟಲ್ ಅರೆಸ್ಟ್" ಅಂತ ಪೊಲೀಸರ ಹೆಸರಿನಲ್ಲಿ ಫೋನ್ ಬಂತು, ಎಂತ ಮಾಡುದು?

ಫೋನ್ ಕೆಳಗಿಡಿ. ಹಾಗೆ ಒಂದು ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋಗಿದ್ರೆ ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇದರಲ್ಲಿ ಹೊಟ್ಟೆ ತುಂಬ್ತದಾ?

ಕಾಲಂನಿಂದ ಮಾತ್ರ ತುಂಬುದಿಲ್ಲ. ಕನ್ನಡ ಪೇಪರಿನ ಸಂಭಾವನೆಯಲ್ಲಿ ಮೊಬೈಲ್ ರೀಚಾರ್ಜು, ಪೆಟ್ರೋಲು ಆಗ್ತದೆ. ನಡೆಯುದು ಬೇರೆ ಕೆಲಸದಿಂದ: ದಾಖಲೆ ಅನುವಾದ, ಸಂಘ-ಸಂಸ್ಥೆಯವ್ರಿಗೆ ಸರಳ ಕೈಪಿಡಿ ಬರೆಯುದು, ಸುದ್ದಿ ಪರಿಶೀಲನೆ, ತರಬೇತಿ. ಮಲಯಾಳಂ-ಕನ್ನಡ-ಇಂಗ್ಲಿಷು ಮೂರೂ ಬರುವವ್ರಿಗೆ ಅನುವಾದದಲ್ಲಿ ಕೆಲಸ ಉಂಟು. ಮನೆಯಲ್ಲಿ ತೋಟವೋ ಇನ್ನೊಬ್ಬರ ಸಂಬಳವೋ ಇದ್ರೆ ಧೈರ್ಯ ಹೆಚ್ಚು, ಇದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನ ಇಲ್ಲ. ಕೆಲಸ ಒಪ್ಪುವ ಮೊದಲು ಎಷ್ಟು ಕೊಡ್ತೀರಿ, ಯಾವಾಗ ಕೊಡ್ತೀರಿ ಅಂತ ವಾಟ್ಸಾಪಿನಲ್ಲಾದ್ರೂ ಬರೆಸ್ಕೊಳ್ಳಿ. ಲೋಕಕ್ಕೆಲ್ಲ ಕರಾರು ಬರೆಸ್ಕೊಳ್ಳಿ ಅಂತ ಹೇಳುವವ್ರೇ ತಮ್ಮ ಸಂಭಾವನೆ ಕೇಳ್ಲಿಕ್ಕೆ ನಾಚ್ತಾರೆ.

ವಕೀಲರಿಗೆ ಕೊಡ್ಲಿಕ್ಕೆ ದುಡ್ಡಿಲ್ಲದವ್ರು ಎಲ್ಲಿ ಹೋಗುದು?

ಕಾನೂನು ಸೇವಾ ಪ್ರಾಧಿಕಾರಕ್ಕೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವ್ರು, ಅಂಗವಿಕಲರು, ಜೈಲಿನಲ್ಲಿರುವವ್ರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಆದಾಯ ಎಷ್ಟಿದ್ರೂ ಫ್ರೀ ವಕೀಲರು ಸಿಗ್ತಾರೆ, 1987ರ ಕಾಯ್ದೆಯ 12ನೇ ಸೆಕ್ಷನ್. ಉಳಿದವ್ರಿಗೆ ಆದಾಯ ಮಿತಿ ಉಂಟು. ಫೋನ್ 15100. ಹೆಂಗಸರಿಗೆ ಆದಾಯದ ಮಿತಿ ಇಲ್ಲ ಅನ್ನುದನ್ನು ನಾನು ಹೋದ ಕಡೆಯೆಲ್ಲ ಎರಡೆರಡು ಸಲ ಹೇಳ್ತೇನೆ, "ಗಂಡನಿಗೆ ಸಂಬಳ ಉಂಟಲ್ಲ, ನಮಗೆ ಸಿಗ್ಲಿಕ್ಕಿಲ್ಲ" ಅಂತ ಸುಮ್ಮನೆ ಕೂತವ್ರು ಬಹಳ. ಲೋಕ ಅದಾಲತಿಗೆ ಹೋಗುದಾದ್ರೆ ಒಂದು ನೆನಪಿರ್ಲಿ: ಅಲ್ಲಿ ರಾಜಿ ಆದ ಮೇಲೆ ಅಪೀಲಿಲ್ಲ, ಒಪ್ಪುವ ಮೊದಲೇ ಮನೆಯಲ್ಲಿ ಮಾತಾಡಿ ಹೋಗಿ.

ನಮ್ಮ ಕುಟುಂಬಶ್ರೀ ಅಯಲ್ಕೂಟಕ್ಕೆ (ಹೆಂಗಸರ ನೆರೆಕರೆ ಸಂಘಕ್ಕೆ) ಬರ್ತೀರಾ?

ಬರ್ತೇನೆ. ಆದಿತ್ಯವಾರ ಮಧ್ಯಾಹ್ನದ ಮೇಲೆ ಇಡಿ, ಎಲ್ಲರೂ ಸಿಗುದು ಆಗಲೇ. ಪ್ರೊಜೆಕ್ಟರ್ ಬೇಡ, ಮೈಕೂ ಬೇಡ. ಬರುವವ್ರಿಗೆ ಹೇಳಿ, ಬ್ಯಾಂಕಿನವ್ರೋ ಆಫೀಸಿನವ್ರೋ ಕಳಿಸಿದ ಕಾಗದ ಅರ್ಥ ಆಗದ್ದು ಮನೆಯಲ್ಲಿದ್ರೆ ಹೆಸರು, ಖಾತೆ ನಂಬರ್ ಇರುವಲ್ಲಿ ಕೈ ಅಡ್ಡ ಇಟ್ಕೊಂಡು ತೋರಿಸ್ಲಿ, ಅದರಲ್ಲಿ ತಾರೀಕು ಎಲ್ಲಿ ಹುಡುಕುದು ಅಂತ ಅಲ್ಲೇ ಕೂತು ನೋಡುವ. ನಾಲ್ಕು ಗಂಟೆಗೆ ಶುರು ಅಂದ್ರೆ ನಾಲ್ಕಕ್ಕೇ ಬನ್ನಿ, ನನಗೆ ವಾಪಸ್ಸು ಕೊನೇ ಬಸ್ಸು ಏಳಕ್ಕೆ ಮೊದಲೇ ಉಂಟು.